ಪಂಪ್ ಹೊಸದು, ಆದರೂ ಗಾಡಿ ದಾರಿಯಲ್ಲೇ ನಿಲ್ಲುತ್ತದೆ: 1991ರ ಷೆವರ್ಲೆ ಪಿಕಪ್‌ನ ಕರೆಂಟ್ ತೊಂದರೆ

ಪ್ರಶ್ನೆ: ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಹೋದ ವರ್ಷ 1991ರ ಷೆವರ್ಲೆ ಸಿ1500 ಪಿಕಪ್ ತಗೊಂಡೆ. 5.7 ಲೀಟರ್ ವಿ8, ಟಿಬಿಐ ಎಂಜಿನ್ (ಥ್ರಾಟಲ್ ಬಾಡಿ ಇಂಜೆಕ್ಷನ್, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಬಾಯಲ್ಲೇ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ), ಒಂದೇ ಟ್ಯಾಂಕ್. ಬೆಳಿಗ್ಗೆ ಐದಾರು ಸೆಕೆಂಡ್ ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಆಮೇಲೆ ಚೆನ್ನಾಗಿಯೇ ಓಡುತ್ತದೆ. ಆದರೆ ಹೈವೇಯಲ್ಲಿ ಮುಕ್ಕಾಲು ಗಂಟೆ ಹೋದ ಮೇಲೆ ಒಮ್ಮೊಮ್ಮೆ ಜಗ್ಗಿ ಜಗ್ಗಿ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಗ್ಯಾರೇಜಿನವರು ಟ್ಯಾಂಕ್ ಇಳಿಸಿ ಹೊಸ ಫ್ಯುಯೆಲ್ ಪಂಪ್ ಹಾಕಿದರು. ಕೆಲವು ವಾರ ಸರಿ ಇತ್ತು, ಈಗ ಮತ್ತೆ ಅದೇ ಕತೆ. ಪಂಪೇ ಡಿಫೆಕ್ಟ್ ಇರಬೇಕು, ಇನ್ನೊಂದು ಹಾಕೋಣ ಅಂತಿದ್ದಾರೆ. ಹಾಕಿಸಲಾ? ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಪೆಟ್ರೋಲ್ ಮುಳ್ಳು ಕೆಲವು ಸಲ ಫುಲ್ ಗೆರೆಯನ್ನೂ ದಾಟಿ ಹೋಗುತ್ತದೆ.

ಉತ್ತರ:

ಸದ್ಯಕ್ಕೆ ಬೇಡ. ಪಂಪ್ ಕೆಟ್ಟಿಲ್ಲ ಅಂತ ಇಲ್ಲಿ ಕೂತು ಆಣೆ ಮಾಡೋಕೆ ಆಗಲ್ಲ. ಆದರೆ ನೀವು ಹೇಳಿದ್ದರಲ್ಲಿ ಪಂಪ್ ಕಡೆ ಬೆರಳು ತೋರಿಸುವ ಲಕ್ಷಣ ಒಂದೇ ಒಂದು, ಅದು ಬಿಸಿಯಾದಾಗ ಆಫ್ ಆಗುವುದು. ಅದಕ್ಕೂ ಬೇರೆ ಕಾರಣಗಳು ಬೇಕಾದಷ್ಟಿವೆ. ಎಲ್ಲಕ್ಕಿಂತ ಮುಖ್ಯವಾಗಿ ನನಗೆ ಕಂಡಿದ್ದು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಪೆಟ್ರೋಲ್ ಮುಳ್ಳಿನ ಮಾತು. ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ ಅನ್ನೋದು ನನ್ನ ಅಂದಾಜು. ಒಂದು ಮುಂದೆ, ರಿಲೇ ಕಡೆ, ಅಂದರೆ ಪಂಪಿಗೆ ಕರೆಂಟ್ ಬಿಡುವ ಕರೆಂಟಿನ ಸ್ವಿಚ್ ಕಡೆ. ಇನ್ನೊಂದು ಹಿಂದೆ, ಟ್ಯಾಂಕ್ ಹತ್ತಿರದ ಅರ್ತ್ ಕಡೆ, ಅಂದರೆ ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಒಂದೇ ಕಾಯಿಲೆ ಅಂದುಕೊಂಡು ಹುಡುಕಿದರೆ ಈ ಗಾಡಿ ನಿಮ್ಮನ್ನು ಸುತ್ತಾಡಿಸುತ್ತದೆ.

ಮೊದಲು ಪಂಪಿಗೆ ಕರೆಂಟ್ ಯಾವ ದಾರಿಯಲ್ಲಿ ಬರುತ್ತದೆ ನೋಡೋಣ. ಈ ಗಾಡಿಯಲ್ಲಿ ಪಂಪ್ ಪೆಟ್ರೋಲ್ ಟ್ಯಾಂಕ್ ಒಳಗೇ ಮುಳುಗಿರುತ್ತದೆ. ಅದಕ್ಕೆ ಹೋಗುವ ಬೂದು ಬಣ್ಣದ ವೈರಿಗೆ ಕರೆಂಟ್ ಸಿಗೋಕೆ ಎರಡು ಬಾಗಿಲು. ಒಂದು ಫ್ಯುಯೆಲ್ ಪಂಪ್ ರಿಲೇ. ನೀವು ಕೀ ಆನ್ ಮಾಡಿದ ತಕ್ಷಣ ಕಂಪ್ಯೂಟರ್, ಅಂದರೆ ಇಸಿಎಂ, ಈ ರಿಲೇಯನ್ನು 2 ಸೆಕೆಂಡ್ ಎಳೆದು ಹಿಡಿಯುತ್ತದೆ. ಸೆಲ್ಫ್ ಹೊಡೆಯದಿದ್ದರೆ ಬಿಟ್ಟುಬಿಡುತ್ತದೆ. ಸೆಲ್ಫ್ ಹೊಡೆದಾಗ ಡಿಸ್ಟ್ರಿಬ್ಯೂಟರ್‌ನಿಂದ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಎಂಜಿನ್ ತಿರುಗುತ್ತಿರುವ ಸುದ್ದಿ ಬಂತು ಅಂದರೆ ಮತ್ತೆ ಎಳೆದು ಹಿಡಿದುಕೊಳ್ಳುತ್ತದೆ. ಎರಡನೇ ಬಾಗಿಲು ಆಯಿಲ್ ಪ್ರೆಷರ್ ಸ್ವಿಚ್. ಎಂಜಿನ್ ಆಯಿಲ್ ಒತ್ತಡ ಸುಮಾರು 4 ಪಿಎಸ್‌ಐ ದಾಟಿದರೆ ಈ ಸ್ವಿಚ್ ಮುಚ್ಚಿಕೊಂಡು ಅದೇ ಬೂದು ವೈರಿಗೆ ನೇರವಾಗಿ ಕರೆಂಟ್ ಕೊಡುತ್ತದೆ. ರಿಲೇ ಸತ್ತರೂ ಗಾಡಿ ಮನೆ ಮುಟ್ಟಲಿ ಅಂತ ಜನರಲ್ ಮೋಟರ್ಸ್‌ನವರು ಇಟ್ಟ ಬದಲಿ ವ್ಯವಸ್ಥೆ ಇದು. ಎರಡಕ್ಕೂ ಕರೆಂಟ್ ಬರುವುದು ಕಿತ್ತಳೆ ಬಣ್ಣದ ವೈರಿನಿಂದ, ಇಸಿಎಂ-ಬಿ ಅನ್ನುವ ಫ್ಯೂಸ್ ಮೂಲಕ.

ಈಗ ನಿಮ್ಮ ಬೆಳಗಿನ ತೊಂದರೆಯನ್ನು ಇದರ ಪಕ್ಕ ಇಟ್ಟು ನೋಡಿ. ರಿಲೇ ಕೆಲಸ ಮಾಡದಿದ್ದರೆ ಕೀ ಆನ್ ಮಾಡಿದಾಗ ಪಂಪ್ ಓಡಲ್ಲ. ಸೆಲ್ಫ್ ಹೊಡೀತಾ ಹೋದ ಹಾಗೆ ಆಯಿಲ್ ಪಂಪ್ ಒತ್ತಡ ಕಟ್ಟುತ್ತದೆ, 4 ಪಿಎಸ್‌ಐ ದಾಟುತ್ತದೆ, ಸ್ವಿಚ್ ಮುಚ್ಚುತ್ತದೆ, ಪೆಟ್ರೋಲ್ ಬರುತ್ತದೆ, ಎಂಜಿನ್ ಹಿಡಿಯುತ್ತದೆ. ಇದಕ್ಕೆ ಬೇಕಾಗುವ ಸಮಯವೇ ನಿಮ್ಮ ಐದಾರು ಸೆಕೆಂಡ್. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಷರ್ ಮುಳ್ಳನ್ನೇ ನೋಡ್ತಾ ಇರಿ. ಅದು ಮೇಲೆದ್ದ ಕೂಡಲೇ ಎಂಜಿನ್ ಹಿಡಿದರೆ ರಿಲೇ ಬಾಗಿಲು ಮುಚ್ಚಿದೆ ಅಂತ ಮುಕ್ಕಾಲು ಪಾಲು ಖಾತ್ರಿ. ಇದನ್ನು ನೋಡೋಕೆ ಒಂದು ಸ್ಪ್ಯಾನರ್ ಕೂಡ ಬೇಡ.

ಹೊಸ ಪಂಪ್ ಹಾಕಿದ ಆ ಕೆಲವು ವಾರ ಬೆಳಗಿನ ಸ್ಟಾರ್ಟಿಂಗ್ ಹೇಗಿತ್ತು ಅಂತ ನೀವು ಬರೆದಿಲ್ಲ. ನೆನಪು ಮಾಡಿಕೊಳ್ಳಿ. ಆಗಲೂ ಐದಾರು ಸೆಕೆಂಡ್ ಬೇಕಾಗಿತ್ತು ಅಂದರೆ ಆ ತೊಂದರೆಗೂ ಪಂಪಿಗೂ ಸಂಬಂಧವೇ ಇಲ್ಲ.

ಕೆಲವರು ಇದಕ್ಕೆ, ರಾತ್ರಿ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹರಿಯದಂತೆ ತಡೆಯುವ ವಾಲ್ವ್) ಲೀಕ್ ಆಗಿ ಪ್ರೆಷರ್ ಇಳಿದುಹೋಗುತ್ತದೆ, ಅದಕ್ಕೇ ಸ್ಟಾರ್ಟಿಂಗ್ ತಡ ಅಂತ ಹೇಳುತ್ತಾರೆ. ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ ಪೋರ್ಟ್ ಇಂಜೆಕ್ಷನ್ ಗಾಡಿಗಳಲ್ಲಿ ಆ ಮಾತು ಸರಿ. ಟಿಬಿಐನಲ್ಲಿ ಗಾಡಿ ಆಫ್ ಮಾಡಿದ ಮೇಲೆ ಪ್ರೆಷರ್ ಇಳಿಯುವುದೇ ಸಹಜ. ಹಾಗೆಯೇ ಮಾಡಿದ್ದಾರೆ. ಬೆಳಿಗ್ಗೆ ಗೇಜ್ ಸೊನ್ನೆ ತೋರಿಸಿತು ಅಂತ ಯಾರಾದರೂ ಪಂಪ್ ಮಾರೋಕೆ ಬಂದರೆ ನಂಬಬೇಡಿ.

ಇನ್ನು ಹೈವೇ ಕತೆ. ಎಂಜಿನ್ ಓಡುವಾಗ ಪಂಪಿಗೆ ಎರಡು ಬಾಗಿಲಿನಿಂದಲೂ ಕರೆಂಟ್ ಬರುತ್ತಿರುತ್ತದೆ, ಒಂದೇ ಬಾಗಿಲು ತೆರೆದಿದ್ದರೂ ಸಾಕು. ಹಾಗಾಗಿ ರಿಲೇ ಒಂದೇ ಕೈಕೊಟ್ಟರೆ ಎಂಜಿನ್ ನಿಲ್ಲುವುದಿಲ್ಲ. ನಿಂತಿದೆ ಅಂದರೆ ಎರಡು ಬಾಗಿಲೂ ಕೂಡುವ ಜಾಗದಿಂದ ಆಚೆಗೆ ಏನೋ ಆಗಿರಬೇಕು: ಬೂದು ವೈರ್, ಟ್ಯಾಂಕ್ ಮೇಲಿನ ಪ್ಲಗ್, ಪಂಪ್, ಇಲ್ಲಾ ವಾಪಸ್ ಬರುವ ಕಪ್ಪು ಅರ್ತ್ ವೈರ್. ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ಮುಚ್ಚಿಡಲ್ಲ. ರಿಲೇ ಸತ್ತು ತಿಂಗಳುಗಟ್ಟಲೆ ಆಗಿದ್ದರೆ ಅಷ್ಟೂ ದಿನ ಪಂಪಿನ ಇಡೀ ಹೊರೆಯನ್ನು ಆಯಿಲ್ ಸ್ವಿಚ್ಚೇ ಹೊತ್ತಿರುತ್ತದೆ. ಅದರ ಕಾಂಟ್ಯಾಕ್ಟ್ ಸುಟ್ಟು, ಬಿಸಿಯಾದಾಗ ಬಿಟ್ಟುಕೊಡುತ್ತಿರಬಹುದು. ಹಾಗಿದ್ದರೆ ರಿಲೇ ಕಡೆ ಸರಿ ಮಾಡಿದ ದಿನವೇ ಹೈವೇ ತೊಂದರೆಯೂ ಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆಫ್ ಆಗುತ್ತದೆ ಅಂತ ನೀವು ಬರೆದಿದ್ದರೆ, ಹಳೇ ವಿ8 ಬಿಸಿಯಾಗಿ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಷರ್ ತೀರಾ ಇಳಿದು ಸ್ವಿಚ್ ತೆರೆದುಕೊಳ್ಳುತ್ತಿದೆ ಅನ್ನುತ್ತಿದ್ದೆ. ಹೈವೇ ವೇಗದಲ್ಲಿ ಅದು ಆಗಲ್ಲ.

ಇಲ್ಲಿ ಪೆಟ್ರೋಲ್ ಮುಳ್ಳು ಬರುತ್ತದೆ. ಟ್ಯಾಂಕಿನಿಂದ ಹೊರಗೆ ಬರುವ ವೈರ್ ಮೂರು. ಬೂದು ಪಂಪಿನದು, ನೇರಳೆ ಪೆಟ್ರೋಲ್ ಗೇಜಿನದು, ಕಪ್ಪು ಇಬ್ಬರಿಗೂ ಸೇರಿದ ಅರ್ತ್. ಗೇಜಿನ ಸೆಂಡರ್, ಅಂದರೆ ಟ್ಯಾಂಕ್ ಒಳಗೆ ಪೆಟ್ರೋಲ್ ಮಟ್ಟ ಅಳೆಯುವ ಭಾಗ, ಟ್ಯಾಂಕ್ ಖಾಲಿ ಇದ್ದಾಗ ಸುಮಾರು 0 ಓಮ್, ತುಂಬಿದ್ದಾಗ ಸುಮಾರು 90 ಓಮ್ ತೋರಿಸುತ್ತದೆ. ಓಮ್ ಜಾಸ್ತಿಯಾದಷ್ಟೂ ಮುಳ್ಳು ಮೇಲೆ. ಕಪ್ಪು ವೈರ್ ಚಾಸಿಗೆ ಸೇರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಪಂಪಿನ ಕರೆಂಟ್ ಆ ತುಕ್ಕನ್ನು ದಾಟಿಯೇ ಹೋಗಬೇಕು. ಆಗ ಆ ಜಾಗದಲ್ಲಿ ಒಂದೆರಡು ವೋಲ್ಟ್ ನಿಂತುಬಿಡುತ್ತದೆ. ಗೇಜಿಗೆ ಅದು ಓಮ್ ಏರಿದ ಹಾಗೇ ಕಾಣುತ್ತದೆ, ಮುಳ್ಳು ಫುಲ್ ದಾಟುತ್ತದೆ. ಅಂದರೆ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಅರ್ತ್ ಕೆಟ್ಟಿದೆ ಅಂತ ತೋರಿಸುವ ಮೀಟರ್ ಆಗಲೇ ಇದೆ. ಗಾಡಿ ಜಗ್ಗೋಕೆ ಶುರು ಮಾಡಿದ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಅಂತ ಗಮನಿಸಿ. ಜಗ್ಗಾಟಕ್ಕೂ ಮುಳ್ಳಿನ ಕುಣಿತಕ್ಕೂ ತಾಳ ಕೂಡಿದರೆ ಅರ್ತ್ ಅಂತಲೇ ಹಿಡಿಯಿರಿ. ಸೆಂಡರ್ ತಾನೇ ಸವೆದಿದ್ದರೂ ಮುಳ್ಳು ಕುಣಿಯಬಹುದು, ಆದರೆ ಆಗ ಎಂಜಿನ್ ಜಗ್ಗುವುದಿಲ್ಲ.

ಮಿಶಿಗನ್ ಅಂದ ಮೇಲೆ ಅನುಮಾನ ಇನ್ನೂ ಗಟ್ಟಿ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮೂರು ದಶಕ ಉಪ್ಪುನೀರು ಕುಡಿದ ಚಾಸಿಯ ಮೇಲೆ ಒಂದು ಬೋಲ್ಟು, ಅದರಡಿ ಒಂದು ರಿಂಗ್ ಟರ್ಮಿನಲ್. ಮೇಲಿಂದ ನೋಡಿದರೆ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ. ಬಿಚ್ಚಿದರೆ ರಿಂಗಿನ ಅಡಿ ಕಂದು ಪುಡಿ, ವೈರ್ ಕ್ರಿಂಪ್ ಆದ ಕಡೆ ಹಸಿರು ಕಿಲುಬು. ವೈರಿನ ಕೋಟಿಂಗ್ ಸೀಳಿ ನೋಡಿದರೆ ಒಳಗೆ ತಾಮ್ರ ಕಪ್ಪಾಗಿರುತ್ತದೆ, ಕೈಯಲ್ಲಿ ತಿರುಚಿದರೆ ಪುಡಿಪುಡಿ.

ಹೊಸ ಪಂಪ್ ಕೆಲವು ವಾರ ಸರಿಹೋಗಿದ್ದು ಹೇಗೆ ಹಾಗಾದರೆ? ಟ್ಯಾಂಕ್ ಇಳಿಸುವಾಗ ಪ್ಲಗ್ ಎಳೆದು ಮತ್ತೆ ಚುಚ್ಚುತ್ತಾರೆ. ಅರ್ತ್ ವೈರ್ ಎಳೆದಾಡುತ್ತದೆ, ಕೆಲವು ಸಲ ಬೋಲ್ಟ್ ಬಿಚ್ಚಿ ಹಾಕುತ್ತಾರೆ. ಲೋಹಕ್ಕೆ ಲೋಹ ಉಜ್ಜಿ ಸ್ವಲ್ಪ ದಿನ ಕಾಂಟ್ಯಾಕ್ಟ್ ಚೆನ್ನಾಗಿ ಸಿಗುತ್ತದೆ. ಹೆಸರು ಪಂಪಿಗೆ ಬರುತ್ತದೆ. ತುಕ್ಕು ಮತ್ತೆ ತನ್ನ ಕೆಲಸ ಶುರು ಮಾಡಿದಾಗ ಹೊಸ ಪಂಪಿಗೆ ಡಿಫೆಕ್ಟ್ ಪೀಸ್ ಅನ್ನುವ ಅಪವಾದ. ಬೆಂಗಳೂರಿನ ಜೆ.ಸಿ. ರಸ್ತೆ ಅಂಗಡಿಗಳಿಗೆ ವಾಪಸ್ ಬರುವ ಎಲೆಕ್ಟ್ರಿಕಲ್ ಪಾರ್ಟುಗಳಲ್ಲೂ ಎಷ್ಟೋ ಪೀಸ್ ಇಂಥವೇ, ನಿಜಕ್ಕೂ ಕೆಟ್ಟಿರೋದು ಕಡಿಮೆ.

ಹುಡುಕುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು. ನಿಂತಾಗ ನಿಜಕ್ಕೂ ಪೆಟ್ರೋಲ್ ನಿಂತಿದೆಯಾ, ಇಲ್ಲಾ ಕಿಡಿ ನಿಂತಿದೆಯಾ? ಈ ಕಾಲದ ಜಿಎಂ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನಿಷನ್ ಮಾಡ್ಯೂಲ್ ಬಿಸಿಯಾದಾಗ ಸತ್ತು ತಣ್ಣಗಾದಾಗ ಎದ್ದು ಕೂರುವುದು ಹೊಸ ಸುದ್ದಿಯೇನಲ್ಲ. ಟಿಬಿಐನ ದೊಡ್ಡ ಅನುಕೂಲ ಏನಂದರೆ ಪೆಟ್ರೋಲ್ ಬರೋದನ್ನು ಕಣ್ಣಲ್ಲೇ ನೋಡಬಹುದು. ಗಾಡಿ ನಿಂತಾಗ ಏರ್ ಕ್ಲೀನರ್ ತೆಗೆಯಿರಿ. ಮೇಲೆ ಎರಡು ಇಂಜೆಕ್ಟರ್ ಕಾಣುತ್ತವೆ. ಜೊತೆಗಿರುವವರು ಸೆಲ್ಫ್ ಹೊಡೆಯಲಿ, ನೀವು ಮುಖ ದೂರ ಇಟ್ಟುಕೊಂಡು ನೋಡಿ. ಎರಡರಿಂದಲೂ ಛತ್ರಿಯ ಆಕಾರದಲ್ಲಿ ಪೆಟ್ರೋಲ್ ಚಿಮ್ಮಬೇಕು. ಒಂದು ಸ್ಪಾರ್ಕ್ ಟೆಸ್ಟರ್ ಕೂಡ ಜೊತೆಗಿಟ್ಟುಕೊಳ್ಳಿ. ಅದನ್ನು ಥ್ರಾಟಲ್ ಬಾಡಿಯಿಂದ ದೂರದಲ್ಲೇ ಹಾಕಬೇಕು, ಪೆಟ್ರೋಲ್ ಆವಿ ಇರುತ್ತದೆ.

ಕಿಡಿ ಇದೆ, ಪೆಟ್ರೋಲ್ ಇಲ್ಲ ಅಥವಾ ಬರೀ ತೊಟ್ಟಿಕ್ಕುತ್ತಿದೆ ಅಂದರೆ ನಾವು ಸರಿಯಾದ ದಾರಿಯಲ್ಲೇ ಇದ್ದೇವೆ. ಎರಡೂ ಇಲ್ಲ ಅಂದರೆ ಪಂಪನ್ನು ಮರೆತು ಡಿಸ್ಟ್ರಿಬ್ಯೂಟರ್ ನೋಡಿ. ಅಲ್ಲಿಂದ ಸುದ್ದಿ ಬರದಿದ್ದರೆ ಇಸಿಎಂ ಇಂಜೆಕ್ಟರನ್ನೂ ತೆರೆಯಲ್ಲ, ರಿಲೇಯನ್ನೂ ಬಿಟ್ಟುಬಿಡುತ್ತದೆ. ಇದು ಗೊತ್ತಿಲ್ಲದೆ, ಸೆಲ್ಫ್ ಹೊಡೆದಾಗ ಪೆಟ್ರೋಲ್ ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪಂಪ್ ಬದಲಾಯಿಸಿದವರು ಸಾಕಷ್ಟು ಜನ.

ಇಸಿಎಂ ಏನನ್ನುತ್ತದೆ ಅಂತಲೂ ಕೇಳಿ ನೋಡಿ, ದುಡ್ಡು ಖರ್ಚಿಲ್ಲ. ಡ್ಯಾಶ್‌ಬೋರ್ಡ್ ಅಡಿಯ ಡಯಾಗ್ನೋಸ್ಟಿಕ್ ಪ್ಲಗ್‌ನಲ್ಲಿ ಎ ಮತ್ತು ಬಿ ಪಿನ್ನುಗಳನ್ನು ಒಂದು ವೈರ್ ತುಂಡಿನಿಂದ ಸೇರಿಸಿ, ಆಮೇಲೆ ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್ ಲೈಟ್ ಮಿನುಗಿ ಕೋಡ್ ಹೇಳುತ್ತದೆ, ಪ್ರತಿಯೊಂದನ್ನೂ ಮೂರು ಸಲ. ಮೊದಲು ಬರುವ 12 ಎಂಜಿನ್ ತಿರುಗುತ್ತಿಲ್ಲ ಅನ್ನುವ ಮಾಮೂಲಿ ಕೋಡ್. 54 ಬಂದರೆ ಬೂದು ವೈರಿನಲ್ಲಿ ಇರಬೇಕಾದಾಗ ಕರೆಂಟ್ ಇರಲಿಲ್ಲ ಅಂತ ಅರ್ಥ, ಅಂದರೆ ರಿಲೇ ಕಡೆಯ ದೂರು. ಆದರೆ ಹಿಂದಿನ ಅರ್ತ್ ಕೆಟ್ಟರೆ ಇಸಿಎಂಗೆ ಗೊತ್ತೇ ಆಗಲ್ಲ. ಬೂದು ವೈರಿನಲ್ಲಿ ವೋಲ್ಟೇಜ್ ಇದ್ದೇ ಇರುತ್ತದಲ್ವಾ? ಕೋಡ್ ಇಲ್ಲ, ಹಾಗಾಗಿ ಎಲೆಕ್ಟ್ರಿಕಲ್ ಸರಿ ಇದೆ ಅಂದುಕೊಳ್ಳಬೇಡಿ.

ಈಗ ಕೈಗೆ ಮಸಿ ಮಾಡಿಕೊಳ್ಳೋಣ. ಬೇಕಾಗಿರುವುದು ಒಂದು ಮಲ್ಟಿಮೀಟರ್, ಒಂದು ಬಲ್ಬಿನ ಟೆಸ್ಟ್ ಲ್ಯಾಂಪ್, ನಡುವೆ 10 ಆಂಪಿಯರ್ ಫ್ಯೂಸ್ ಇರುವ ಒಂದು ಜಂಪರ್ ವೈರ್, ಮುಂದಿನಿಂದ ಹಿಂದಿನ ತನಕ ಮುಟ್ಟುವಷ್ಟು ಉದ್ದದ ಇನ್ನೊಂದು ವೈರ್. ಕೆಲಸ ಬಯಲಲ್ಲಿ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗೋ ಹಾಗಿರಲಿ. ಗಾಡಿ ಅಡಿಗೆ ಹೋಗುವುದಾದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಟ್ಯಾಂಕ್ ಹತ್ತಿರ ವೈರ್ ತಾಗಿಸಿ ಕಿಡಿ ಬರುತ್ತಾ ಅಂತ ನೋಡುವ ಹಳೇ ಮೆಕ್ಯಾನಿಕ್ ಚಾಳಿ ಇಲ್ಲಿ ಬೇಡವೇ ಬೇಡ.

ಮೊದಲು ಕಿವಿ. ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಕಿವಿಗೊಡಿ, ಇನ್ನೊಬ್ಬರು ಕೀ ಆನ್ ಮಾಡಲಿ. 2 ಸೆಕೆಂಡ್ ಗುಂಯ್ ಅನ್ನಬೇಕು. ಮತ್ತೊಮ್ಮೆ ಕೇಳಬೇಕಾದರೆ ಕೀ ಆಫ್ ಮಾಡಿ ಒಂದು 10 ಸೆಕೆಂಡ್ ಬಿಟ್ಟು ಆನ್ ಮಾಡಿ. ನಿಮ್ಮ ಗಾಡಿಯಲ್ಲಿ ಸದ್ದು ಬರಲ್ಲ ಅಂತಲೇ ನನ್ನ ಎಣಿಕೆ.

ರಿಲೇ ಇರುವುದು ಬಾನೆಟ್ ಒಳಗೆ, ಪ್ಯಾಸೆಂಜರ್ ಕಡೆಯ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಮೇಲೆ, ಬ್ಲೋವರ್ ಮೋಟರ್ ಹತ್ತಿರ. ಅದರ ಆಸುಪಾಸಿನಲ್ಲೇ ಎಲ್ಲಿಗೂ ಸೇರದೆ ನೇತಾಡುವ ಒಂದು ಒಂಟಿ ಕೆಂಪು ವೈರ್ ಸಿಗುತ್ತದೆ. ಕೆಲವರು ಇದನ್ನು ಯಾರೋ ಬಿಟ್ಟು ಹೋದ ತುಂಡು ಅಂದುಕೊಂಡು ಟೇಪ್ ಸುತ್ತಿಬಿಡುತ್ತಾರೆ. ಅದು ಕಂಪನಿಯವರೇ ಕೊಟ್ಟ ಪಂಪ್ ಟೆಸ್ಟ್ ವೈರ್. ಕೀ ಆಫ್ ಇರಲಿ, ಫ್ಯೂಸ್ ಇರುವ ಜಂಪರಿನಿಂದ ಬ್ಯಾಟರಿ ಪ್ಲಸ್ ಅನ್ನು ಇದಕ್ಕೆ ಕೊಡಿ. ಪಂಪ್ ಓಡಬೇಕು. ಕೀ ಆಫ್ ಯಾಕೆ ಅಂದರೆ ಈ ಕೆಂಪು ವೈರ್ ಪಂಪಿಗೆ ಸೇರುವುದು ರಿಲೇ ಸುಮ್ಮನಿದ್ದಾಗ ಮುಚ್ಚಿರುವ ಕಾಂಟ್ಯಾಕ್ಟ್ ಮೂಲಕ. ಹಾಗಾಗಿ ರಿಲೇಯನ್ನು ಸಾಕೆಟ್‌ನಿಂದ ಕಿತ್ತು ಈ ಪರೀಕ್ಷೆ ಮಾಡಬೇಡಿ. ಕೆಂಪು ವೈರಿಗೆ ಕೊಟ್ಟರೂ ಪಂಪ್ ಓಡಲಿಲ್ಲ ಅಂದರೆ, ರಿಲೇ ಸಾಕೆಟ್‌ನ ಬೂದು ವೈರಿಗೇ ಕೊಟ್ಟು ನೋಡಿ.

ಕೀ ಆನ್ ಮಾಡಿದಾಗ ಸದ್ದಿಲ್ಲ, ಕೆಂಪು ವೈರಿಗೆ ಕೊಟ್ಟಾಗ ಓಡಿತು. ಅಲ್ಲಿಗೆ ತೊಂದರೆ ರಿಲೇ ಅಥವಾ ಅದಕ್ಕೆ ಬರುವ ವೈರುಗಳದ್ದು. ರಿಲೇ ಕಿತ್ತು ಸಾಕೆಟ್‌ನಲ್ಲಿ ಟೆಸ್ಟ್ ಲ್ಯಾಂಪ್ ಹಾಕಿ. ಕಿತ್ತಳೆ ವೈರಿನಲ್ಲಿ ಯಾವಾಗಲೂ ಉರಿಯಬೇಕು. ಬಿಳಿ ಗೆರೆ ಇರುವ ಕಡು ಹಸಿರು ವೈರ್ ಇಸಿಎಂನಿಂದ ಬರುವ ಆರ್ಡರ್, ಕೀ ಆನ್ ಮಾಡಿದಾಗ 2 ಸೆಕೆಂಡ್ ಮಾತ್ರ 12 ವೋಲ್ಟ್ ಬರಬೇಕು. ಇದೊಂದನ್ನು ಲ್ಯಾಂಪ್ ಬದಲು ಮೀಟರಿನಲ್ಲಿ ನೋಡಿ, ಇಸಿಎಂ ಮೇಲೆ ಹೊರೆ ಬೇಡ. ಬಿಳಿ ಗೆರೆಯ ಕಪ್ಪು ವೈರ್ ರಿಲೇಯನ್ನು ಎಳೆದು ಹಿಡಿಯುವ ಕಾಯಿಲಿನ ಅರ್ತ್, ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪ್ಲಸ್‌ಗೆ ಹಾಕಿ ಇದನ್ನು ಮುಟ್ಟಿದರೆ ಉರಿಯಬೇಕು. ಮೂರೂ ಸರಿ ಇದ್ದರೆ ರಿಲೇ ಹೋಗಿದೆ. ಟಕ್ ಅಂತ ಸದ್ದು ಬಂತು, ಹಾಗಾಗಿ ರಿಲೇ ಸರಿ ಇದೆ ಅನ್ನೋ ವಾದ ನಡೆಯಲ್ಲ. ಟಕ್ ಅನ್ನೋದು ಕಾಯಿಲ್, ಕರೆಂಟ್ ದಾಟಿಸೋದು ಕಾಂಟ್ಯಾಕ್ಟ್. ಕಾಂಟ್ಯಾಕ್ಟ್ ಸುಟ್ಟು ಕರಿಯಾಗಿದ್ದರೂ ಕಾಯಿಲ್ ಟಕ್ ಅನ್ನುತ್ತಲೇ ಇರುತ್ತದೆ.

ಆಯಿಲ್ ಪ್ರೆಷರ್ ಸ್ವಿಚ್ ಎಂಜಿನ್ ಹಿಂಭಾಗದಲ್ಲಿ, ಡಿಸ್ಟ್ರಿಬ್ಯೂಟರ್ ಪಕ್ಕ ಇದೆ. ರಿಲೇ ಇಷ್ಟು ದಿನ ಸತ್ತಿದ್ದರೆ ಇದನ್ನೂ ಬದಲಾಯಿಸಿಬಿಡಿ. ಗಾಡಿ ಆಫ್ ಇದ್ದಾಗ ಬೂದು ವೈರಿನಲ್ಲಿ ಲ್ಯಾಂಪ್ ಉರಿದರೆ ಸ್ವಿಚ್ ಒಳಗೇ ಅಂಟಿಕೊಂಡಿದೆ ಅಂತ, ಅದು ರಾತ್ರಿಯೆಲ್ಲ ಪಂಪ್ ಓಡಿಸಿ ಬ್ಯಾಟರಿ ಕುಡಿಯುತ್ತದೆ.

ಇನ್ನು ಹಿಂದಿನ ಭಾಗ. ಹೆಚ್ಚು ಜನ ಎಡವುವುದು ಇಲ್ಲೇ. ಪಂಪಿನ ಪ್ಲಗ್ ಬಿಚ್ಚಿ, ಮೀಟರ್ ಚುಚ್ಚಿ, 12.4 ವೋಲ್ಟ್ ಇದೆ ಅಂದಮೇಲೆ ವೈರಿಂಗ್ ಸರಿ, ಪಂಪೇ ಹೋಗಿದೆ ಅಂತ ತೀರ್ಮಾನ ಮಾಡುತ್ತಾರೆ. ಆ ಅಳತೆಗೆ ಬೆಲೆಯೇ ಇಲ್ಲ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಹಗ್ಗ ಪೂರ್ತಿ ಸವೆದು ಒಂದೇ ಎಳೆ ಉಳಿದಿದ್ದರೂ ಖಾಲಿ ಕೊಡವನ್ನು ಬಾವಿಗೆ ಇಳಿಸಬಹುದು, ತುಂಬಿದ ಕೊಡ ಮೇಲೆತ್ತುವಾಗ ಬಣ್ಣ ಬಯಲಾಗುತ್ತದೆ. ಈ ಗಾಡಿಯ ಪಂಪ್ ಸಾಮಾನ್ಯವಾಗಿ 3ರಿಂದ 5 ಆಂಪಿಯರ್ ಎಳೆಯುತ್ತದೆ. ಅರ್ತ್‌ನಲ್ಲಿ ಬರೀ ಅರ್ಧ ಓಮ್ ಅಡ್ಡಿ ಇದ್ದರೆ 4 ಆಂಪಿಯರಿಗೆ 2 ವೋಲ್ಟ್ ಅಲ್ಲೇ ಕಳೆದುಹೋಯಿತು. ಮೀಟರಿನಲ್ಲಿ ಓಮ್ ಅಳೆದರೂ ಆ ಅರ್ಧ ಓಮ್ ಕಣ್ಣಿಗೆ ಬೀಳಲ್ಲ, ಮೀಟರಿನ ವೈರುಗಳಿಗೇ ಹೆಚ್ಚು ಕಡಿಮೆ ಅಷ್ಟು ಬರುತ್ತದೆ.

ಆದ್ದರಿಂದ ಪ್ಲಗ್ ಬಿಚ್ಚಬೇಡಿ. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಕೆಂಪು ಟೆಸ್ಟ್ ವೈರಿಗೆ ಜಂಪರ್ ಹಾಕಿ ಪಂಪ್ ಓಡಿಸಿ. ಮೀಟರಿನ ಮೈನಸ್ ಕಡ್ಡಿಗೆ ಉದ್ದದ ವೈರ್ ಕಟ್ಟಿ ಬ್ಯಾಟರಿಯ ಮೈನಸ್‌ಗೇ ಒಯ್ಯಿರಿ. ಚಾಸಿಗೆ ಹಾಕಬೇಡಿ, ಅನುಮಾನ ಇರುವುದೇ ಚಾಸಿ ಮೇಲೆ. ಪ್ಲಸ್ ಕಡ್ಡಿಗೆ ಒಂದು ಸಣ್ಣ ಪಿನ್ ಸಿಕ್ಕಿಸಿ, ಟ್ಯಾಂಕ್ ಕಡೆಯ ಪ್ಲಗ್‌ನ ಹಿಂಬದಿಯಿಂದ ಕಪ್ಪು ವೈರಿನ ಟರ್ಮಿನಲ್ ಮುಟ್ಟಿ. 0.1, 0.2 ವೋಲ್ಟ್ ಒಳಗೆ ಬಂದರೆ ಅರ್ತ್ ಚೆನ್ನಾಗಿದೆ, ನನ್ನ ಅಂದಾಜು ತಪ್ಪು. ಅರ್ಧ ವೋಲ್ಟ್ ದಾಟಿದರೆ ಅಲ್ಲೇ ಕೆಲಸ ಇದೆ. ಒಂದು, ಎರಡು ವೋಲ್ಟ್ ಬಂದರೆ ಇಷ್ಟು ದಿನದ ನಿಮ್ಮ ಗೋಳಿಗೆ ಕಾರಣ ಅದೇ.

ಜಾಗವನ್ನೂ ಇದೇ ಮೀಟರ್ ತೋರಿಸುತ್ತದೆ. ಕಡ್ಡಿಯನ್ನು ಕಪ್ಪು ವೈರಿನ ಉದ್ದಕ್ಕೂ ಸರಿಸುತ್ತಾ ಬನ್ನಿ: ಪ್ಲಗ್, ರಿಂಗ್ ಟರ್ಮಿನಲ್, ಬೋಲ್ಟಿನ ತಲೆ, ಪಕ್ಕದಲ್ಲಿ ಉಜ್ಜಿದ ಚಾಸಿಯ ಕಬ್ಬಿಣ. ಎಲ್ಲಿ ವೋಲ್ಟ್ ದಿಢೀರ್ ಇಳಿಯಿತೋ ಅದರ ಹಿಂದಿನ ಜೋಡಣೆಯೇ ಕಳ್ಳ. ಚಾಸಿಯ ಮೇಲೂ ಒಂದು ವೋಲ್ಟ್ ಉಳಿದಿದ್ದರೆ ಮುಂದೆ ಬ್ಯಾಟರಿ, ಎಂಜಿನ್ ಮತ್ತು ಚಾಸಿಯನ್ನು ಸೇರಿಸುವ ಅರ್ತ್ ಪಟ್ಟಿ ನೋಡಬೇಕು.

ಪ್ಲಸ್ ಕಡೆಯೂ ಹೀಗೇ. ಬ್ಯಾಟರಿ ಪ್ಲಸ್‌ನಿಂದ ಟ್ಯಾಂಕ್ ಹತ್ತಿರದ ಬೂದು ಟರ್ಮಿನಲ್ ತನಕ ಅರ್ಧ ವೋಲ್ಟಿಗಿಂತ ಜಾಸ್ತಿ ಕಳೆಯಬಾರದು. ಅಳತೆ ಮಾಡುವಾಗ ವೈರನ್ನು ಅಲುಗಾಡಿಸಿ, ಪ್ಲಗ್ ತಿರುಚಿ. ಓಡುತ್ತಿರುವ ಪಂಪಿನ ಸದ್ದು ಬದಲಾದರೆ ಕೈ ಇರುವ ಜಾಗದಲ್ಲೇ ಲೂಸ್ ಕಾಂಟ್ಯಾಕ್ಟ್. ಟ್ಯಾಂಕ್ ಅನ್ನು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದಾಗ ಪಂಪ್ ಎದ್ದರೆ ಪಂಪಿನ ಬ್ರಷ್ ಸವೆದಿದೆ ಅನ್ನುತ್ತಾರೆ. ನಿಜ ಇರಬಹುದು. ಆದರೆ ತಟ್ಟಿದ ಏಟು ಪ್ಲಗ್ ಮತ್ತು ಅರ್ತ್‌ಗೂ ಬೀಳುತ್ತದಲ್ಲ, ಅಷ್ಟರಿಂದಲೇ ಪಂಪಿಗೆ ಶಿಕ್ಷೆ ಕೊಡಬೇಡಿ.

ತಣ್ಣಗಿದ್ದಾಗ ಎಲ್ಲ ಅಳತೆಯೂ ಸರಿ ಬರಬಹುದು, ಬಿಸಿಯಾದಾಗಲೇ ಕೆಡುವ ಕಾಯಿಲೆ ಅಲ್ವಾ? ಹಾಗಾದರೆ ರಿಲೇ ಹತ್ತಿರದ ಬೂದು ವೈರಿನಿಂದ ಫ್ಯೂಸ್ ಹಾಕಿ ಒಂದು ಸಣ್ಣ ವೈರ್ ತೆಗೆದು ಕ್ಯಾಬಿನ್ ಒಳಗೆ ವೋಲ್ಟ್ ಮೀಟರಿಗೆ ಕೊಡಿ. ಇನ್ನೊಬ್ಬರು ಓಡಿಸಲಿ, ನೀವು ಮೀಟರ್ ನೋಡಿ. ಗಾಡಿ ಜಗ್ಗುವ ಹೊತ್ತಿಗೆ ಮೀಟರಿನಲ್ಲಿ 13, 14 ವೋಲ್ಟ್ ಹಾಗೇ ನಿಂತಿದ್ದರೆ ತೊಂದರೆ ರಿಲೇಯಿಂದ ಹಿಂದಕ್ಕೆ, ಟ್ಯಾಂಕ್ ಕಡೆ. ಮೀಟರೂ ಜೊತೆಗೆ ಕುಸಿದರೆ ಮುಂದಿನ ಭಾಗ. ಎಂಜಿನ್ ಪೂರ್ತಿ ನಿಂತ ಮೇಲೆ ನೋಡಿದರೆ ಪ್ರಯೋಜನ ಇಲ್ಲ, ಆಗ ಇಸಿಎಂ ತಾನಾಗಿಯೇ ರಿಲೇ ಬಿಟ್ಟಿರುತ್ತದೆ.

ಇಷ್ಟೆಲ್ಲ ಆಗಿ ಪ್ಲಗ್ ಹತ್ತಿರ ಪ್ಲಸ್ಸೂ ಚೆನ್ನಾಗಿದೆ, ಅರ್ತೂ ಚೆನ್ನಾಗಿದೆ, ಆದರೂ ಪೆಟ್ರೋಲ್ ಸಾಲುತ್ತಿಲ್ಲ ಅಂದರೆ ಆಗ ಪ್ರೆಷರ್ ಗೇಜ್ ಹಾಕಿ. ಟಿಬಿಐಗೆ 9ರಿಂದ 13 ಪಿಎಸ್‌ಐ ಬೇಕು. ಈ ಗಾಡಿಯಲ್ಲಿ ಗೇಜ್ ಹಾಕೋಕೆ ಪ್ರತ್ಯೇಕ ವಾಲ್ವ್ ಕೊಟ್ಟಿಲ್ಲ, ಲೈನಿನ ನಡುವೆ ಅಡಾಪ್ಟರ್ ಹಾಕಿಯೇ ನೋಡಬೇಕು. ಫಿಲ್ಟರ್ ಹೊಸದಿದ್ದೂ 9ಕ್ಕಿಂತ ಕಡಿಮೆ ಬಂದರೆ ಟ್ಯಾಂಕ್ ಒಳಗಿನ ಕೆಲಸ. ಆಗಲೂ ಪಂಪಿಗಿಂತ ಮೊದಲು ಪಂಪಿಗೂ ಪೈಪಿಗೂ ನಡುವಿನ ಆ ಗೇಣುದ್ದದ ರಬ್ಬರ್ ತುಂಡು ನೋಡಿ. ಅದು ಸೀಳಿದ್ದರೆ ಪೆಟ್ರೋಲ್ ಟ್ಯಾಂಕ್ ಒಳಗೇ ಸುರಿಯುತ್ತಿರುತ್ತದೆ. ಪೆಟ್ರೋಲ್‌ನಲ್ಲಿ ಮುಳುಗಿರೋಕೆ ಮಾಡಿದ ಹೋಸೇ ಬೇಕು, ಎಸ್‌ಎಇ ಜೆ30ಆರ್10 ಅಂತ ಮೈಮೇಲೆ ಬರೆದಿರುತ್ತದೆ. ಮಾಮೂಲಿ ಫ್ಯುಯೆಲ್ ಹೋಸ್ ಹೊರಗಿನ ಕೆಲಸಕ್ಕೆ ಮಾತ್ರ, ಒಳಗೆ ಹಾಕಿದರೆ ಮೆತ್ತಗಾಗಿ ಕಿತ್ತುಹೋಗುತ್ತದೆ.

ಊರಿನಲ್ಲಿರುವ ಅಣ್ಣನೋ ಮಾವನೋ ಫೋನಲ್ಲಿ ಇದನ್ನು ಕೇಳಿ, ಪಿಕಪ್‌ಗೆ ಎಂಥಾ ಕರೆಂಟ್ ಪಂಪು ಅಂತ ನಗಬಹುದು. ನಮ್ಮ ಕಡೆ ಹಳೇ ಪಿಕಪ್ ಅಂದರೆ ಬಹುಪಾಲು ಡೀಸೆಲ್, ಟಾಟಾ 207 ತರದವು. ಅವುಗಳ ಫೀಡ್ ಪಂಪ್ ಎಂಜಿನ್ನಿನ ಬಲದಿಂದಲೇ ಓಡುತ್ತದೆ. ಆದರೆ ಎಂಪಿಎಫ್‌ಐ, ಅಂದರೆ ಪೆಟ್ರೋಲ್ ಇಂಜೆಕ್ಷನ್ ಇರುವ ಮಾರುತಿ ಓಮ್ನಿ ರಿಪೇರಿ ಮಾಡಿದ ಎಲೆಕ್ಟ್ರಿಷಿಯನ್ ಆಗಿದ್ದರೆ ಅವರಿಗೆ ಅರ್ಥವಾಗುತ್ತದೆ, ಅಲ್ಲೂ ಕೀ ಆನ್ ಮಾಡಿದಾಗ ಗುಂಯ್ ಅನ್ನುವ ಪಂಪ್ ಟ್ಯಾಂಕ್ ಒಳಗೇ ಇದೆ.

ರಿಪೇರಿ ವಿಷಯಕ್ಕೆ ಬರೋಣ. ಅರ್ತ್ ಬೋಲ್ಟ್ ಸುಮ್ನೆ ಬಿಗಿ ಮಾಡಿ ಬಿಡಬೇಡಿ. ರಿಂಗ್ ಕತ್ತರಿಸಿ, ತಾಮ್ರ ಹೊಳೆಯುವ ಕಡೆ ತನಕ ವೈರ್ ಹಿಂದಕ್ಕೆ ಸೀಳಿ, ಹೊಸ ರಿಂಗ್ ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಚಾಸಿಯನ್ನು ಉಪ್ಪುಕಾಗದದಲ್ಲಿ ಬೆಳ್ಳಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿ ಮಾಡಿ, ಆಮೇಲೆ ಮೇಲಿಂದ ಪೇಂಟ್ ಅಥವಾ ಗ್ರೀಸ್ ಬಳಿಯಿರಿ. ಮೊದಲು ಗ್ರೀಸ್, ಆಮೇಲೆ ಬೋಲ್ಟ್ ಅಲ್ಲ. ಉಪ್ಪಿನ ಊರಲ್ಲಿ ನಾನಾಗಿದ್ದರೆ ಅದೇ ಕಪ್ಪು ವೈರಿಗೆ ಇನ್ನೊಂದು ವೈರ್ ಸೇರಿಸಿ ಬೇರೆ ಜಾಗದಲ್ಲೂ ಚಾಸಿಗೆ ಕೊಡುತ್ತಿದ್ದೆ.

ಟ್ಯಾಂಕ್ ಮೇಲಿನ ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಕರಗಿ ಸೊಟ್ಟ ಆಗಿದ್ದರೆ ಅದೂ ಹೋಗಬೇಕು. ಹೊಸ ಪಂಪಿನ ಡಬ್ಬಿಯಲ್ಲಿ ಎಷ್ಟೋ ಸಲ ವೈರ್ ಸಮೇತ ಹೊಸ ಪ್ಲಗ್ ಇಟ್ಟಿರುತ್ತಾರೆ. ಗ್ಯಾರೇಜಿನವರು ಅದನ್ನು ಹಾಕಿದರೋ ಡಬ್ಬಿಯಲ್ಲೇ ಬಿಟ್ಟರೋ ಕೇಳಿ.

ರಿಲೇ ತಂಟೆಯೇ ಬೇಡ ಅಂತ ಪಂಪಿಗೆ ನೇರವಾಗಿ ಒಂದು ಸ್ವಿಚ್ ಹಾಕಿಕೊಡುತ್ತೇವೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅಪಘಾತದಲ್ಲಿ ಎಂಜಿನ್ ನಿಂತರೆ ಇಸಿಎಂ ರಿಲೇ ಬಿಡುತ್ತದೆ, ಪಂಪ್ ನಿಲ್ಲುತ್ತದೆ. ನೇರ ಸ್ವಿಚ್ಚಿನಲ್ಲಿ ಪಂಪ್ ಓಡುತ್ತಲೇ ಇರುತ್ತದೆ, ಒಡೆದ ಪೈಪಿನಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಕೊನೆಗೂ ಟ್ಯಾಂಕ್ ಮೇಲಿನ ಪ್ಲಗ್ ತನಕ ಕೈ ಹೋಗಲೇಬೇಕು ಅಂದರೆ, ಟ್ಯಾಂಕ್ ಇಳಿಸುವುದಕ್ಕಿಂತ ಹಿಂದಿನ ಬೆಡ್, ಅಂದರೆ ಸಾಮಾನು ತುಂಬುವ ತೊಟ್ಟಿ, ಎತ್ತುವುದು ನನಗೆ ಇಷ್ಟ. ಇಬ್ಬರು ಮೂವರು ಗಟ್ಟಿ ಸ್ನೇಹಿತರು ಬೇಕು. ಹಿಂದಿನ ಲೈಟುಗಳ ಪ್ಲಗ್ಗು, ಪೆಟ್ರೋಲ್ ಬಾಯಿಯ ಸ್ಕ್ರೂಗಳು, ಬೆಡ್ಡಿಗೂ ಚಾಸಿಗೂ ಇರುವ ಅರ್ತ್ ಪಟ್ಟಿ, ಇಷ್ಟನ್ನು ಮೊದಲು ಬಿಚ್ಚಿ. ಬೋಲ್ಟುಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ದಿನ ಸಂಜೆಯೇ ಪೆನೆಟ್ರೇಟಿಂಗ್ ಆಯಿಲ್ ಹೊಡೆದಿಡಿ. ಬಿಚ್ಚಲು ಬರಲಿಲ್ಲ ಅಂತ ಗ್ಯಾಸ್ ಟಾರ್ಚ್ ಹಚ್ಚೋಕೆ ಯಾರನ್ನೂ ಬಿಡಬೇಡಿ, ಕೆಳಗಿರುವುದು ಪೆಟ್ರೋಲ್ ಟ್ಯಾಂಕ್. ಬೆಡ್ ಎತ್ತಿದ ಮೇಲೆ ಏನನ್ನೂ ಮುಟ್ಟದೆ ಮೊದಲು ಆ ಕಪ್ಪು ವೈರಿನ ವೋಲ್ಟೇಜ್ ಇನ್ನೊಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ರಿಪೇರಿ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡೂ ಅಂಕಿ, ಜೊತೆಗೆ ಕೋಡ್ 54 ಇತ್ತೋ ಇಲ್ಲವೋ ಅನ್ನುವುದನ್ನೂ ಬರೆದು ಕಳಿಸಿ.